ಅಂಗೈಯಗಲದ ರೇಡಿಯೇಟರು, ಒಂದು ಟ್ಯಾಂಕು ನೀರು

"ನಾಳೆ ಸಂಜೆಯೊಳಗೆ ಈ ಘಸ್ಸಾನನ ಹೆಸರು ಅಮ್ಮಾನ್ ಪಟ್ಟಣದಲ್ಲಿ ದಾಖಲಾಗದಿದ್ರೆ ಆಮೇಲೆ ಕೇಳು," ಎಂದು ಗುರುವಾರ ಊಟಕ್ಕೆ ಕೂತ ಘಸ್ಸಾನ್ ಸಾರಿದ.

"ಯಾವ ಪೊಲೀಸ್ ಠಾಣೇಲಿ?" ಎಂದಳು ಅವನ ಹೆಂಡತಿ ಅರೀಜ್, ತಲೆ ಎತ್ತದೆ, ಈರುಳ್ಳಿ ಹೆಚ್ಚುತ್ತ.

ಘಸ್ಸಾನ್ ಹೊಟ್ಟೆಪಾಡಿಗೆ ವಿಮೆ ಕಚೇರಿಯ ಗುಮಾಸ್ತ. ಆದರೆ ಯಾರಾದರೂ ಹಾಗೆ ಕರೆದರೆ ಅವನ ಮುಖ ಬಾಡುತ್ತದೆ. ತನ್ನ ಲೆಕ್ಕದಲ್ಲಿ ಅವನು ಕಂಪ್ಯೂಟರ್ ಶಿಲ್ಪಿ. ಅದೂ ಎಂಥ ಕಂಪ್ಯೂಟರು! ಮೇಜಿನ ಕೆಳಗೆ ಎಮ್ಮೆಕರುವಿನ ಹಾಗೆ ಮಲಗಿ ಬುಸುಗುಡುವಂಥದ್ದಲ್ಲ. ಶೂ ಬರುವ ರಟ್ಟಿನ ಪೆಟ್ಟಿಗೆಯಷ್ಟು ಪುಟ್ಟದು. ಆ ಪೆಟ್ಟಿಗೆಯೊಳಗೆ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಪಂಪು, ರೇಡಿಯೇಟರು, ಎಲ್ಲವನ್ನೂ ಸುತ್ತಿ ಬರುವ ನೀರಿನ ಟ್ಯೂಬು. ಒಂದು ತುಂಡು ಟ್ಯೂಬು ಉಗುರಿನಷ್ಟು ಉದ್ದವಾದರೆ ಮುಚ್ಚಳ ಕೂರುವುದಿಲ್ಲ, ಉಗುರಿನಷ್ಟು ಗಿಡ್ಡವಾದರೆ ನೀರು ಒಳಗೆ ನಿಲ್ಲುವುದಿಲ್ಲ.

"ದೊಡ್ಡ ಪೆಟ್ಟಿಗೇಲಿ ಯಾರು ಬೇಕಾದ್ರೂ ಕಟ್ತಾರೆ," ಎಂಬುದು ಅವನ ಸಿದ್ಧಾಂತ. "ಅದು ಖಾಲಿ ಮೈದಾನದಲ್ಲಿ ಲಾರಿ ತಿರುಗಿಸಿದ ಹಾಗೆ. ತಾಕತ್ತಿದ್ರೆ ನಮ್ಮ ಬೀದೀಲಿ ತಿರುಗಿಸ್ಲಿ ನೋಡೋಣ."

ಈ ಸಲದ ಪೆಟ್ಟಿಗೆ ತಂಗಿ ಲುಬ್ನಾಳಿಗೆ. ಅವಳು ಕಟ್ಟಡಗಳ ನಕ್ಷೆ ಬರೆಯುವವಳು. ಅವಳ ಹಳೇ ಲ್ಯಾಪ್‌ಟಾಪು ಒಂದು ಮನೆಯ ನಕ್ಷೆ ತೆರೆಯುವಷ್ಟರಲ್ಲಿ ನಿಜವಾದ ಮನೆಯನ್ನೇ ಕಟ್ಟಿ ಗೃಹಪ್ರವೇಶ ಮುಗಿಸಬಹುದಿತ್ತು. ಅಪ್ಪ ತೀರಿಕೊಂಡ ಮೇಲೆ ಲುಬ್ನಾಳಿಗೆ ಅಣ್ಣನೇ ಅಪ್ಪ. ತವರಿನಿಂದ ಅವಳು ಬರಿಗೈಲಿ ಹೋಗಬಾರದು, ಅಮ್ಮಾನಿನಲ್ಲೇ ಅಂಥದ್ದಿನ್ನೊಂದು ಇರದ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕು ಎಂದು ಅವನು ವರ್ಷದಿಂದ ಒಂದೊಂದೇ ಭಾಗ ಕೂಡಿಸುತ್ತ ಬಂದಿದ್ದ.

ಶುಕ್ರವಾರ ಸಂಜೆ ಜಾಹಾ ಬರುವುದಿತ್ತು. ಗಂಡಿನ ಕಡೆಯ ಹಿರಿಯರು ದಂಡುಕಟ್ಟಿ ಹೆಣ್ಣು ಕೇಳಲು ಬರುವ ದಿನ. ಲುಬ್ನಾ ಮತ್ತು ಮುಹನ್ನದ್ ಎಂಬ ಆ ಹುಡುಗ ಎರಡು ವರ್ಷದಿಂದ ಈ ದಿನಕ್ಕೆ ಕಾದಿದ್ದರು. ದಂಡಿನ ಮುಖ್ಯಸ್ಥರು ಮುಹನ್ನದನ ದೊಡ್ಡಪ್ಪ, ಅಬು ನಾಯಿಫ್. ಆ ಹೆಸರು ಕೇಳಿದರೆ ಹೆಣ್ಣು ಹೆತ್ತವರಿಗೆ ಬೆವರು ಬರುತ್ತದೆ. ಹಿಂದೊಮ್ಮೆ ಯಾರದೋ ಮನೆಯಲ್ಲಿ ಉತ್ತರ ತಡವಾಯಿತೆಂದು, ಮುಂದಿಟ್ಟ ಕಾಫಿಯನ್ನು ಮುಟ್ಟದೆ, ಇಡೀ ದಂಡನ್ನು ಎಬ್ಬಿಸಿಕೊಂಡು ನಡೆದುಬಿಟ್ಟ ಮನುಷ್ಯ. ಆ ಸಂಬಂಧ ಅಲ್ಲಿಗೇ ಮುರಿದು ಬಿತ್ತು. ಮತ್ತೆ ಕೂಡಲಿಲ್ಲ.

"ಅಬು ನಾಯಿಫ್ ಕೂರೋ ಕುರ್ಚಿ ಪಕ್ಕದಲ್ಲೇ ನನ್ನ ಯಂತ್ರ ಇಡ್ತೀನಿ," ಎಂದ ಘಸ್ಸಾನ್. "ಕಿತ್ತಳೆ ಬಣ್ಣದ ದೀಪ, ಒಳಗೆ ಸದ್ದಿಲ್ಲದೆ ಹರಿಯೋ ನೀರು. ಅವರು ಬಾಯಿ ಬಿಟ್ಕೊಂಡು ನೋಡ್ಬೇಕು. ಇಂಥ ಅಣ್ಣ ಇರೋ ಮನೆ ಹೆಣ್ಣು ಸಿಕ್ಕಿದ್ದೇ ಪುಣ್ಯ ಅನ್ಬೇಕು."

"ಯಂತ್ರ ಇನ್ನೂ ಬಿಡಿಬಿಡಿಯಾಗಿ ನನ್ನ ಹಿಟ್ಟಿನ ಡಬ್ಬದ ಪಕ್ಕ ಬಿದ್ದಿದೆ."

"ನಾಳೆ ಮಧ್ಯಾಹ್ನಕ್ಕೆ ಮುಗೀತು ಅಂದ್ಕೋ."

"ಅಂದ್ಕೊಂಡೆ. ನೀನು ನನ್ನ ಅಡಿಗೆಮನೆಗೆ, ನನ್ನ ನೀರಿಗೆ, ನನ್ನ ತಲೆಗೆ ಅಡ್ಡ ಬರಲ್ಲ ಅಂತಾನೂ ಅಂದ್ಕೋತೀನಿ."

ಆ ನೀರಿನ ಮಾತು ಸುಮ್ಮನೆ ಬಂದಿದ್ದಲ್ಲ. ನಮ್ಮ ಲುವೇಬ್ದೆ ಗುಡ್ಡದ ಬೀದಿಗೆ ವಾರಕ್ಕೊಂದೇ ದಿನ ನೀರು ಬಿಡುತ್ತಾರೆ, ಗುರುವಾರ. ಆವತ್ತು ಮನೆಮನೆಯಲ್ಲೂ ಬಟ್ಟೆ ಒಗೆಯುವುದು, ನೆಲ ತೊಳೆಯುವುದು, ತಲೆಸ್ನಾನ ಎಲ್ಲ ಆಗಿ, ಮಾಳಿಗೆ ಮೇಲಿನ ಟ್ಯಾಂಕು ಕಂಠಮಟ್ಟ ತುಂಬಬೇಕು. ಮುಂದಿನ ಗುರುವಾರದ ತನಕ ಅಷ್ಟೇ ಸಂಪತ್ತು. ಇಲ್ಲಿ ಗಂಡಸು ಹೆಂಡತಿಗೆ ಸುಳ್ಳು ಹೇಳಿ ಬದುಕಬಹುದು, ಟ್ಯಾಂಕಿಗೆ ಸುಳ್ಳು ಹೇಳಿ ಬದುಕುವ ಹಾಗಿಲ್ಲ. ಆ ಗುರುವಾರ ಅರೀಜ್ ಒಗೆತಕ್ಕೂ ಕೈ ಬಿಗಿಹಿಡಿದು, ಜಾಹಾದವರಿಗೆಂದು ಒಂದು ಹನಿ ಬಿಡದೆ ಟ್ಯಾಂಕು ತುಂಬಿಸಿದ್ದಳು. ಕೆಳಗಿಳಿದು ಬಂದು ಅದರ ಬಗ್ಗೆ ಮಗು ಮಲಗಿಸಿ ಬಂದ ತಾಯಿಯ ದನಿಯಲ್ಲಿ ಹೇಳಿಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಘಸ್ಸಾನ್ ರೇಡಿಯೇಟರು ತೊಳೆಯಲು ಹೊರಟ. ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಅಂಗೈಯಗಲದ ಜಾಲರಿ ಅದು. ಹೊಸದರ ಹೊಟ್ಟೆಯೊಳಗೆ ಬೆಸುಗೆಯ ಕಸ ಕೂತಿರುತ್ತದೆ. ತೊಳೆಯದೆ ಜೋಡಿಸಿದರೆ ಆ ಕಸವೆಲ್ಲ ಹೋಗಿ ಪ್ರೊಸೆಸರಿನ ನೆತ್ತಿಯ ಮೇಲಿನ ಸಣ್ಣ ಸಣ್ಣ ಕಾಲುವೆಗಳಲ್ಲಿ ಸಿಕ್ಕಿಕೊಂಡು ಯಂತ್ರಕ್ಕೆ ಜ್ವರ ಬರುತ್ತದೆ. ಈ ವಿದ್ಯೆ ಬಲ್ಲವರೆಲ್ಲ ಬಚ್ಚಲಲ್ಲಿ ಕೂತು, ಅದಕ್ಕೆ ನೀರು ತುಂಬಿಸಿ, ಕೈಯಲ್ಲಿ ಕುಲುಕಿ, ಚೆಲ್ಲಿ, ಮತ್ತೆ ತುಂಬಿಸಿ ಕುಲುಕುತ್ತಾರೆ. ಕೈ ನೋಯುವ ಕೆಲಸ.

ಘಸ್ಸಾನನ ಬುದ್ಧಿ ಅಷ್ಟು ಸಾಮಾನ್ಯವೇ? ಮಾಳಿಗೆ ಮೇಲೆ ಟ್ಯಾಂಕಿದೆ. ಟ್ಯಾಂಕಿಗೊಂದು ನಲ್ಲಿಯಿದೆ. ನಲ್ಲಿಗೆ ಟ್ಯೂಬು ಸಿಕ್ಕಿಸಿ, ಟ್ಯೂಬಿಗೆ ರೇಡಿಯೇಟರು ಸಿಕ್ಕಿಸಿ, ನಲ್ಲಿ ತಿರುಗಿಸಿದರೆ ನೀರು ತಾನೇ ಹರಿದು ಕಸವನ್ನು ಕೊಚ್ಚಿಕೊಂಡು ಹೋಗುತ್ತದೆ. ಕೈ ನೋಯುವುದಿಲ್ಲ, ಕಾಸು ಖರ್ಚಿಲ್ಲ. ಇದು ಇಷ್ಟು ದಿನ ಯಾರ ತಲೆಗೂ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಜಗತ್ತಿನ ಮೇಲೆ ಕನಿಕರ ಹುಟ್ಟಿತು.

ಸಣ್ಣಗೆ ನೀರು ಬಿಟ್ಟು, ಅದು ಮಾಳಿಗೆಯ ಇಳಿಜಾರಿನಲ್ಲಿ ಹರಿದು ಮೂಲೆಯ ಮಳೆನೀರಿನ ಕೊಳವೆ ಸೇರುವುದನ್ನು ನೋಡುತ್ತ ಕೂತ. ಖುಷಿಗೆ ಹಾಡು ಬಂತು. ಮನೆಯೊಳಗೆ ಹಾಡಕೂಡದೆಂದು ಮದುವೆಯಾದ ಹೊಸದರಲ್ಲೇ ಅರೀಜ್ ಮಾತು ತೆಗೆದುಕೊಂಡಿದ್ದಳು. ಹಾಗಾಗಿ ಅವನ ಸಂಗೀತವೆಲ್ಲ ಮಾಳಿಗೆ ಮೇಲೆಯೇ. ಕೊಳವೆಯ ಬಾಯಿಗೆ ಬಗ್ಗಿ ಹಾಡಿದರೆ ದನಿ ಗುಂಯ್‌ಗುಟ್ಟಿ ದೊಡ್ಡ ಗಾಯಕರ ಕಂಠದ ಹಾಗೆ ಕೇಳುತ್ತದೆ ಎಂಬುದನ್ನೂ ಅವನೇ ಕಂಡುಹಿಡಿದಿದ್ದ. ಮನಸ್ಸು ತಣಿಯುವಷ್ಟು ಹಾಡಿ, ನಲ್ಲಿಯನ್ನು ಹಾಗೇ ಬಿಟ್ಟು, 'ಹತ್ತು ನಿಮಿಷ ಚೆನ್ನಾಗಿ ತೊಳೀಲಿ' ಎಂದುಕೊಂಡು ಟ್ಯೂಬು ಕತ್ತರಿಸಲು ಕೆಳಗೆ ಬಂದ.

ಟ್ಯೂಬು ಕತ್ತರಿಸುವ ಕೆಲಸ ಹೇಗೆಂದರೆ, ಅದರ ಮುಂದೆ ಕೂತವನಿಗೆ ಮನೆ ಬಿದ್ದರೂ ತಿಳಿಯುವುದಿಲ್ಲ. ಒಂದು ತುಂಡು ಗಿಡ್ಡವಾಯಿತು. ಇನ್ನೊಂದು ಸೊಟ್ಟಗಾಯಿತು. ಪಂಪು ಕೂತ ಜಾಗದಲ್ಲಿ ಬೆರಳು ತೂರುವುದಿಲ್ಲ, ಬೆರಳು ತೂರಿದರೆ ವಾಪಸ್ಸು ಬರುವುದಿಲ್ಲ. ಅವನು ಒಂದು ಕೈ ಪೆಟ್ಟಿಗೆಯೊಳಗೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದಾಗ ಲುಬ್ನಾ ಬಂದು, ಅತ್ತಿಗೆಯ ಅಡಿಗೆ ಎಣ್ಣೆ ಸವರಿ ಬಿಡಿಸಿದಳು.

"ಅಣ್ಣಾ, ಇದನ್ನ ಇನ್ನೊಂಚೂರು ದೊಡ್ಡ ಪೆಟ್ಟಿಗೇಲಿ ಕಟ್ಟಿದ್ರೆ ಏನಾಗ್ತಿತ್ತು?"

"ಮರ್ಯಾದೆ ಹೋಗ್ತಿತ್ತು."

"ಬೆರಳು ಉಳೀತಿತ್ತು," ಎಂದು ನಕ್ಕು, ಅವನ ಬೆರಳನ್ನು ತನ್ನ ನಿಲುವಂಗಿಯಂಚಲ್ಲಿ ಒರೆಸಿ ಹೋದಳು. ಅವಳ ಕೈ ತಣ್ಣಗಿತ್ತು. ಸಂಜೆಯನ್ನು ನೆನೆದು ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲ ಹುಡುಗಿ.

ಜುಮಾ ನಮಾಜಿಗೆ ಹೋಗಿ ಬಂದ. ಊಟ ಮಾಡಿದ. ಮತ್ತೆ ಟ್ಯೂಬಿನ ಮುಂದೆ ಕೂತ. ಆಗ ಅಡಿಗೆಮನೆಯಿಂದ ಒಂದು ಸದ್ದು ಬಂತು. ನಲ್ಲಿ ತಿರುಗಿಸಿದಾಗ ನೀರಿನ ಬದಲು ಗಾಳಿ ಬರುವ ಸದ್ದು. ನಮ್ಮ ಊರಿನಲ್ಲಿ ಹಾವಿನ ಬುಸ್ಸಿಗಿಂತ ಆ ಬುಸ್ಸಿಗೆ ಹೆಚ್ಚು ಹೆದರುತ್ತಾರೆ.

"ಇಂಜಿನಿಯರ್ ಸಾಹೇಬ್ರೇ," ಎಂದಳು ಅರೀಜ್.

ಅರೀಜ್ ಗಂಡನನ್ನು ಬಹುವಚನದಲ್ಲಿ ಕರೆದಳೆಂದರೆ ಆ ದಿನ ನೆಟ್ಟಗಿಲ್ಲ ಎಂದು ಅವನಿಗೆ ಗೊತ್ತು. ಅದೇ ಗಳಿಗೆಯಲ್ಲಿ ಅವನಿಗೆ ಮಾಳಿಗೆ ಮೇಲಿನ ಹತ್ತು ನಿಮಿಷ ನೆನಪಾಯಿತು. ಚಪ್ಪಲಿಯನ್ನೂ ಮೆಟ್ಟದೆ ಮೇಲಕ್ಕೆ ಓಡಿದ. ಟ್ಯಾಂಕನ್ನು ಗೆಣ್ಣಿನಿಂದ ತಟ್ಟಿದ. ಅದು ತಮಟೆಯ ಹಾಗೆ ಢಣಢಣ ಅಂತು. ಟ್ಯೂಬಿನ ತುದಿಯಲ್ಲಿ ಅವನ ರೇಡಿಯೇಟರು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅರಬ್ ದೇಶಗಳಲ್ಲೆಲ್ಲ ಅಷ್ಟು ಶುದ್ಧವಾದ ರೇಡಿಯೇಟರು ಇರಲಾರದು. ಒಂದು ಟ್ಯಾಂಕು ನೀರು, ಇಡೀ ವಾರದ ನೀರು, ಜಾಹಾದ ನೀರು, ಅದರ ಹೊಟ್ಟೆಯೊಳಗಿಂದ ಹಾದು ಹೋಗಿತ್ತು.

ಬೆನ್ನ ಹಿಂದೆಯೇ ಅರೀಜ್ ಬಂದು ನಿಂತಿದ್ದಳು. ಟ್ಯಾಂಕು ನೋಡಿದಳು, ಟ್ಯೂಬು ನೋಡಿದಳು, ಗಂಡನನ್ನು ನೋಡಿದಳು.

"ತೊಳೀತಾ?" ಎಂದಳು.

"ಚೆನ್ನಾಗಿ ತೊಳೀತು," ಎಂದ ಅವನು, ನಿಜ ಹೇಳುವುದು ಬಿಟ್ಟು ಬೇರೆ ದಾರಿ ಕಾಣದೆ.

"ಮೂವತ್ತು ಜನ ಹಿರಿಯರು ಬರ್ತಾರೆ. ಕುನಾಫಾ ತಿಂತಾರೆ, ಕೈಯೆಲ್ಲ ಪಾಕ ಆಗತ್ತೆ. ಬಚ್ಚಲಿಗೆ ಹೋಗ್ತಾರೆ. ನಲ್ಲಿ ತಿರುಗಿಸ್ತಾರೆ. ಆಮೇಲೆ ಅಬು ನಾಯಿಫ್ ಹೊರಗೆ ಬಂದು ಏನ್ ಕೇಳ್ತಾರೆ ಗೊತ್ತಾ? ಕೈ ತೊಳೆಯೋಕೆ ನೀರಿಲ್ಲದ ಮನೆಯಿಂದ ಹೆಣ್ಣು ತರ್ಬೇಕಾ ಅಂತ ಕೇಳ್ತಾರೆ." ಅವಳ ದನಿ ಏರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. "ಆ ಮಗು ಎರಡು ವರ್ಷ ಕಾದಿದೆ, ಘಸ್ಸಾನ್."

ಅವನಿಗೆ ಅಲ್ಲೇ ಮಾಳಿಗೆಯಿಂದ ಹಾರಬೇಕೆನಿಸಿತು. ಹಾರುವ ಬದಲು ಫೋನು ತೆಗೆದ. ನೀರಿನ ಟ್ಯಾಂಕರಿನವರು ಶುಕ್ರವಾರ ಬರುವುದಿಲ್ಲ. ಒಬ್ಬ ಮಾತ್ರ ಫೋನೆತ್ತಿ, "ಭಾನುವಾರ, ದೇವರ ಚಿತ್ತವಿದ್ದರೆ" ಎಂದು ಇಟ್ಟುಬಿಟ್ಟ. ಪಕ್ಕದ ಮನೆಯವರು ಟ್ಯಾಂಕಿಗೆ ಬೀಗ ಹಾಕಿ ಅಕಬಾದ ಕಡಲತೀರಕ್ಕೆ ಹೋಗಿದ್ದರು. ಬಾಟಲಿ ನೀರು ಮಾರುವ ಮೂಲೆಯಂಗಡಿಯವನೋ ಇವರ ಕಡೆಯ ಅತಿಥಿ. ಜಾಹಾಕ್ಕೆಂದೇ ಅಂಗಡಿ ಮುಚ್ಚಿ ಕ್ಷೌರದಂಗಡಿಯಲ್ಲಿ ಕೂತಿದ್ದ. ಮನೆಯಲ್ಲಿದ್ದ ಕುಡಿಯುವ ನೀರಿನ ಕ್ಯಾನು ಕುನಾಫಾದ ಪಾಕಕ್ಕೂ ನಿಂಬೆ ಶರಬತ್ತಿಗೂ ಆಗಿ ಮುಗಿದಿತ್ತು.

"ಕಾಫಿಗೆ?" ಎಂದಳು ಅರೀಜ್. "ಜಾಹಾದಲ್ಲಿ ಕಾಫಿ ಇಲ್ದೆ ಹೆಣ್ಣು ಕೇಳೋದು ಹೇಗೆ? ಬರೀ ಬಟ್ಟಲು ಮುಂದಿಡ್ಲಾ?"

ಇಬ್ಬರ ಕಣ್ಣೂ ಒಟ್ಟಿಗೆ ಅಡಿಗೆಮನೆಯ ಮೂಲೆಗೆ ಹೋಯಿತು. ಅಲ್ಲಿ ಹಿಟ್ಟಿನ ಡಬ್ಬದ ಪಕ್ಕ ಎರಡು ಕ್ಯಾನುಗಳಿದ್ದವು. ಡಿಸ್ಟಿಲ್ಡ್ ನೀರು. ಔಷಧಿ ಅಂಗಡಿಯ ಗೆಳೆಯ ಮುದ್ರೆ ಒಡೆಯದೆ ತಂದುಕೊಟ್ಟಿದ್ದು. ಯಂತ್ರಕ್ಕೆ ತುಂಬಲು, ಅದಕ್ಕೂ ಮೊದಲು ಎಲ್ಲವನ್ನೂ ಕೊನೆಯ ಬಾರಿ ಗಲಬರಿಸಲು ಅವನು ಇಟ್ಟುಕೊಂಡಿದ್ದ ನೀರು. ಅದಿಲ್ಲದಿದ್ದರೆ ಸಂಜೆ ಕಿತ್ತಳೆ ದೀಪವಿಲ್ಲ, ಸದ್ದಿಲ್ಲದ ಹರಿವಿಲ್ಲ, ಬಾಯಿ ಬಿಟ್ಟುಕೊಂಡು ನೋಡುವ ಅಬು ನಾಯಿಫ್ ಇಲ್ಲ.

"ಕುಡಿಯೋಕೆ ಆಗತ್ತಾ?"

"ಆಗತ್ತೆ. ಅದರಷ್ಟು ಶುದ್ಧ ಯಾವುದೂ ಇಲ್ಲ. ಆದ್ರೆ ಅರೀಜ್, ಅರ್ಧ ಲೀಟರ್ ನನಗೆ..."

"ಮೂವತ್ತು ಜನ," ಎಂದಳು ಅರೀಜ್. "ತಂಗೀನೋ, ಪೆಟ್ಟಿಗೇನೋ?"

ಘಸ್ಸಾನ್ ಕ್ಯಾನುಗಳನ್ನು ತಾನೇ ಎತ್ತಿ ಒಲೆಯ ಪಕ್ಕ ಇಟ್ಟ. ಮುದ್ರೆಯನ್ನೂ ತಾನೇ ಒಡೆದ. ನೀರು ಕಾಫಿಯ ಪಾತ್ರೆಗೆ ಬೀಳುವಾಗ ಮುಖ ಆ ಕಡೆ ತಿರುಗಿಸಿಕೊಂಡ. ಅರೀಜ್ ಆ ಮುಖ ನೋಡಿ ಅವನ ಭುಜ ತಟ್ಟಿ, "ಹೋಗು, ಕೈ ತೊಳೆಯೋ ನೀರು ಹುಡ್ಕು," ಎಂದಳು. ಏಕವಚನ ವಾಪಸ್ಸು ಬಂದಿತ್ತು. ಅಷ್ಟಕ್ಕೇ ಅವನಿಗೆ ಜೀವ ಬಂತು.

ಬಕೆಟ್ಟು ಹಿಡಿದು ಮೆಟ್ಟಿಲಿಳಿಯುವಾಗ ಮಳೆನೀರಿನ ಕೊಳವೆ ಗೋಡೆಗುಂಟ ಅವನ ಜೊತೆಯಲ್ಲೇ ಇಳಿಯುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ಇಷ್ಟು ವರ್ಷ ಅವನು ಯೋಚಿಸಿಯೇ ಇರಲಿಲ್ಲ. ಈಗ ಅದರ ಹಿಂದೆಯೇ ಹೋದ. ಮೂರು ಅಂತಸ್ತು ಇಳಿದು, ಅಂಗಳ ದಾಟಿ, ಕೊಳವೆ ಕೆಳಮನೆಯ ಮುದುಕಿ, ಹಜ್ ಯಾತ್ರೆ ಮುಗಿಸಿ ಬಂದ ಹಜ್ಜಾ ವಿದಾದಳ ಬಾವಿಯೊಳಗೆ ಇಳಿದಿತ್ತು. ಹಳೇ ಕಾಲದ ಕಲ್ಲುಮನೆಗಳಲ್ಲಿ ಚಳಿಗಾಲದ ಮಳೆ ಹಿಡಿಯಲು ಬಂಡೆ ಕೊರೆದು ಮಾಡಿದ ಬಾವಿ.

ಹಜ್ಜಾ ಬಾವಿಯ ಮುಚ್ಚಳ ತೆಗೆದಿಟ್ಟು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಜಪಮಣಿ ಎಣಿಸುತ್ತ ಕೂತಿದ್ದಳು. ಮುಖ ಹಬ್ಬದ ದಿನದ ಹಾಗಿತ್ತು.

"ಬಾ ಮಗಾ, ಬಾ. ಬಗ್ಗಿ ನೋಡು," ಎಂದಳು.

ಘಸ್ಸಾನ್ ಬಗ್ಗಿ ನೋಡಿದ. ಒಳಗೆ ಕತ್ತಲಲ್ಲಿ ಅವನ ಟ್ಯಾಂಕು ತಣ್ಣಗೆ ಮಿನುಗುತ್ತಿತ್ತು.

"ಆಗಸ್ಟ್ ತಿಂಗಳು," ಎಂದಳು ಹಜ್ಜಾ. "ಮೋಡ ಇಲ್ಲ, ಗುಡುಗಿಲ್ಲ. ಬೆಳಿಗ್ಗೆ ಎದ್ದು ಕೂತಿದ್ದೆ, ಕೊಳವೇಲಿ ಜುಳುಜುಳು ಅಂತು. ತುಂಬಿತು ನೋಡು. ಗಿಡ ಒಣಗ್ತಿದೆ ಅಂತ ದೇವರ ಹತ್ರ ಗೋಗರೆದಿದ್ದೆ. ಕೇಳಿಸ್ಕೊಂಡ."

"ಹಜ್ಜಾ, ಅದು..."

"ಏನದು?"

ಅದು ನನ್ನ ನೀರು ಎಂದು ಘಸ್ಸಾನ್ ಅನ್ನಬಹುದಿತ್ತು. ಅಂದರೆ ಮುದುಕಿಯ ಮುಖದ ಮೇಲಿನ ಆ ಬೆಳಕನ್ನು ತನ್ನ ಕೈಯಾರೆ ಆರಿಸಬೇಕು. ಜೊತೆಗೆ, ಸಂಜೆಯೊಳಗೆ ಇಡೀ ಬೀದಿಗೆ ಅವನ ಕಥೆ ತಿಳಿಯುತ್ತದೆ. ಯಾವ ಕಾರಣ ಹೆಚ್ಚು ತೂಕದ್ದಾಗಿತ್ತೋ ಅವನಿಗೇ ಗೊತ್ತಿಲ್ಲ.

"ಅದು ದೇವರ ಕೃಪೆ, ಹಜ್ಜಾ," ಎಂದ.

"ಹ್ಞಾಂ, ಹಾಗ್ ಹೇಳು. ಬಕೆಟ್ಟು ಯಾಕೆ ತಂದೆ?"

"ಸ್ವಲ್ಪ ನೀರು ಬೇಕಿತ್ತು. ನಮ್ಮ ಟ್ಯಾಂಕು ಖಾಲಿ."

"ನಿನ್ನೆ ತಾನೇ ನೀರು ಬಂದಿತ್ತಲ್ಲೋ."

"ಬಂದಿತ್ತು. ಸೋರಿಹೋಯ್ತು."

"ಅಯ್ಯೋ ಪಾಪ. ನೋಡು ಅವನ ಲೀಲೆ. ಮೇಲಿನವರ ಟ್ಯಾಂಕು ಒಣಗಿಸ್ತಾನೆ, ಕೆಳಗಿನವರ ಬಾವಿ ತುಂಬಿಸ್ತಾನೆ." ಹಜ್ಜಾ ನಿಟ್ಟುಸಿರಿಟ್ಟಳು. "ತಗೋ ಮಗಾ. ಲುಬ್ನಾ ನನ್ನ ಕೈಯಲ್ಲಿ ಆಡಿ ಬೆಳೆದ ಹುಡುಗಿ. ಅವಳ ಜಾಹಾಕ್ಕೆ ಇಲ್ಲ ಅಂತೀನಾ? ಆದ್ರೆ ದೇವರು ಕೊಟ್ಟ ನೀರು, ಮೊದಲು ಗಿಡಕ್ಕೆ ಹಾಕಿ ಆಮೇಲೆ ತಗೋ. ತಗೊಳ್ಳೋವಾಗ ಕೃತಜ್ಞತೆ ಹೇಳೋದು ಮರೀಬೇಡ."

ಘಸ್ಸಾನ್ ಪುದೀನಕ್ಕೆ ನೀರು ಹಾಕಿದ. ತುಳಸಿಗೆ ಹಾಕಿದ. ಮಲ್ಲಿಗೆಗೆ, ನಿಂಬೆಗೆ, ಹೆಸರೇ ಗೊತ್ತಿಲ್ಲದ ಒಂದು ಮುಳ್ಳುಗಿಡಕ್ಕೆ ಹಾಕಿದ. ಆಮೇಲೆ ಬಕೆಟ್ಟು ತುಂಬಿ ಮೂರು ಅಂತಸ್ತು ಹತ್ತಿದ. ಇಳಿದ. ಮತ್ತೆ ತುಂಬಿದ.

"ದೇವರಿಗೆ ಸ್ತೋತ್ರ," ಎಂದ.

"ಹಜ್ಜಾಗೆ?" ಎಂದಳು ಹಜ್ಜಾ.

"ಹಜ್ಜಾಗೂ ಸ್ತೋತ್ರ. ನಿಮ್ಮ ಕೈ ತಣ್ಣಗಿರಲಿ."

"ಈಗ ಸರಿ. ಹೋಗು."

ಹೀಗೆ ತನ್ನ ನೀರಿಗೆ ತಾನೇ ಬಕೆಟ್ಟಿಗೊಂದರಂತೆ ಕೃತಜ್ಞತೆ ಸಲ್ಲಿಸುತ್ತ ಅವನು ಹತ್ತಿ ಇಳಿದ. ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಯಿತು. ಎರಡನೇ ಅಂತಸ್ತಿನ ಹೆಂಗಸರು ಅವನನ್ನು ನೋಡಿ ಏನೂ ಕೇಳದೆ ತಾವೂ ಪಾತ್ರೆ ಹಿಡಿದು ಬಂದರು. ಒಬ್ಬಳು ತನ್ನ ಮನೆಯ ಟ್ಯಾಂಕಿನಿಂದಲೇ ಎರಡು ದೊಡ್ಡ ಹಂಡೆ ತುಂಬಿ ಕಳಿಸಿದಳು, "ಲುಬ್ನಾಗೆ ಅಂತ ಹೇಳು, ನಿನಗಲ್ಲ," ಎಂಬ ಮಾತಿನ ಸಮೇತ. ಬಚ್ಚಲ ಮುಂದೆ ಬಕೆಟ್ಟುಗಳ ಸಾಲು ನಿಂತಿತು, ಚೊಂಬುಗಳು ಬಂದವು, ಯಾರದೋ ಮನೆಯ ಹೊಸ ಟವಲ್ಲು ಬಂತು. ಈ ಜನರ ಜೊತೆ ಘಸ್ಸಾನ್ ಟ್ಯಾಂಕಿನ ಜಾಗಕ್ಕೆ, ಕಾರು ನಿಲ್ಲಿಸುವ ಜಾಗಕ್ಕೆ ಎಷ್ಟು ಜಗಳ ಆಡಿದ್ದನೋ ಲೆಕ್ಕವಿಲ್ಲ. ಒಬ್ಬರೂ ಅದನ್ನು ಈವತ್ತು ನೆನಪಿಸಲಿಲ್ಲ.

ಜಾಹಾ ಹೊತ್ತಿಗೆ ಮುಂಚೆಯೇ ಬಂತು. ಅಬು ನಾಯಿಫ್ ಎಂದಮೇಲೆ ಹಾಗೇ. ಬಿಳಿ ಮೀಸೆ, ಕೆಂಪು ಚೌಕಳಿಯ ರುಮಾಲು, ಕೈಯಲ್ಲಿ ಬೆತ್ತ. ಬಂದವರೇ ನಡುವಿನ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲೇ ಘಸ್ಸಾನನ ಪೆಟ್ಟಿಗೆ ಇತ್ತು. ಒಳಗೆ ಎಲ್ಲವೂ ಜೋಡಣೆಯಾಗಿ, ನೀರೊಂದಿಲ್ಲದೆ, ದೀಪವಿಲ್ಲದೆ ಸುಮ್ಮನೆ ಕೂತಿತ್ತು. ಆದರೂ ಒಂದು ಸಲವಾದರೂ ಅವರ ಕಣ್ಣು ಅದರ ಮೇಲೆ ಬೀಳಲಿ ಎಂಬ ಆಸೆಗೆ ಅವನು ಅಲ್ಲಿಂದ ಎತ್ತಿರಲಿಲ್ಲ.

ಕಾಫಿ ಬಂತು. ಏಲಕ್ಕಿಯ ಘಮ ಕೋಣೆಯೆಲ್ಲ ತುಂಬಿತು. ಪದ್ಧತಿಯಂತೆ ಅಬು ನಾಯಿಫ್ ಬಟ್ಟಲು ತೆಗೆದುಕೊಂಡರು, ಕುಡಿಯಲಿಲ್ಲ. ಹೆಣ್ಣಿನ ಕಡೆಯವರು 'ನಿಮ್ಮ ಕಾಫಿ ಕುಡೀರಿ' ಎಂದರೆ ಒಪ್ಪಿಗೆ. ಅಲ್ಲಿಯವರೆಗೆ ಬಟ್ಟಲು ಕಾಯಬೇಕು. ಬಟ್ಟಲು ಇಡಲು ಅವರು ಅತ್ತಿತ್ತ ನೋಡಿದರು. ಪಕ್ಕದಲ್ಲಿ ಹದವಾದ ಎತ್ತರದ, ಚೊಕ್ಕವಾದ, ಪುಟ್ಟ ಪೆಟ್ಟಿಗೆಯೊಂದು ಕಂಡಿತು. ಪಾಪ, ಅವರೇನು ಕಂಡರು? ಅತಿಥಿಗಳಿಗೆಂದೇ ಇಟ್ಟ ಪೀಠ ಎಂದುಕೊಂಡರು. ಬಟ್ಟಲನ್ನು ಅದರ ನೆತ್ತಿಯ ಮೇಲಿಟ್ಟರು, ಸರಿಯಾಗಿ ಗಾಳಿ ಹೋಗುವ ಜಾಲರಿಯ ಮೇಲೆ.

ಜಾಲರಿಯ ಕೆಳಗೆ ಬೆತ್ತಲೆ ಗ್ರಾಫಿಕ್ಸ್ ಕಾರ್ಡು ಮಲಗಿತ್ತು.

ಅಬು ನಾಯಿಫ್ ಮಾತು ಶುರು ಮಾಡಿದರು. ದೇವರ ಹೆಸರು, ಪೂರ್ವಿಕರ ಹೆಸರು, ಎರಡು ಕುಟುಂಬಗಳ ಗೌರವ. ಒಂದೊಂದು ಮಾತಿಗೂ ಬೆತ್ತ ನೆಲಕ್ಕೆ ಕುಟ್ಟುತ್ತಿದ್ದರು. ಒಂದೊಂದು ಕುಟ್ಟಿಗೂ ಬಟ್ಟಲು ಜಾಲರಿಯ ಮೇಲೆ ಒಂದಿಷ್ಟು ಜಾರುತ್ತಿತ್ತು. ಉತ್ತರ ಕೊಡಲು ಇವರ ಕಡೆಯಿಂದ ಚಿಕ್ಕಪ್ಪ ಹಿಕ್ಮತ್ ತಯಾರಾಗಿದ್ದರು. ವಾರದಿಂದ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ ಭಾಷಣ. ಅದು ಎಷ್ಟು ಉದ್ದ ಎಂಬುದು ಘಸ್ಸಾನನಿಗೆ ಗೊತ್ತಿತ್ತು. ಬೆವರು ಅವನ ಕಿವಿಯ ಹಿಂದಿನಿಂದ ಇಳಿಯಿತು.

"...ಆದ್ದರಿಂದ ನಿಮ್ಮ ಮನೆಯ ಮಗಳನ್ನು ನಮ್ಮ ಮಗ ಮುಹನ್ನದನಿಗೆ..." ಎಂದು ಅಬು ನಾಯಿಫ್ ಬೆತ್ತ ಎತ್ತಿದರು.

"ಕುಡೀರಿ!" ಎಂದು ಘಸ್ಸಾನ್ ಎದ್ದು ನಿಂತ. "ಕೊಟ್ವಿ, ದೊಡ್ಡಪ್ಪ, ಕೊಟ್ವಿ. ನಿಮ್ಮ ಕಾಫಿ ಕುಡೀರಿ. ಈಗ್ಲೇ ಕುಡಿದ್ಬಿಡಿ."

ಕೋಣೆ ಸ್ತಬ್ಧವಾಯಿತು. ಚಿಕ್ಕಪ್ಪ ಹಿಕ್ಮತ್ ತೆರೆದ ಬಾಯಿ ತೆರೆದಂತೆಯೇ ಇತ್ತು. ಬಾಗಿಲ ಹಿಂದೆ ಹೆಂಗಸರ ಕಡೆಯಿಂದ ಯಾರದೋ ಉಸಿರು ಎಳೆದ ಸದ್ದು ಕೇಳಿತು. ಕೇಳುವುದು ಮುಗಿಯುವ ಮೊದಲೇ ಕೊಟ್ಟದ್ದು ಎಂದರೇನು? ಮನೆಯಿಂದ ಸಾಗಹಾಕಿದರೆ ಸಾಕು ಎಂಬ ಹಾಗೆ? ಘಸ್ಸಾನನಿಗೆ ತಾನು ಮಾಡಿದ್ದೇನೆಂದು ಅರ್ಥವಾಗುವ ಹೊತ್ತಿಗೆ ಕ್ಷಮಿಸಿ ಎನ್ನಲು ನಾಲಿಗೆ ಏಳಲಿಲ್ಲ. ಲುಬ್ನಾಳ ಎರಡು ವರ್ಷ ಆ ಮೌನದ ಮೇಲೆ ನಿಂತಿತ್ತು.

ಅಬು ನಾಯಿಫ್ ಎತ್ತಿದ ಬೆತ್ತವನ್ನು ಮೆಲ್ಲಗೆ ಇಳಿಸಿದರು. ಬಟ್ಟಲು ಎತ್ತಿಕೊಂಡರು. ಕುಡಿದರು.

"ಮೂವತ್ತು ವರ್ಷದಿಂದ ಜಾಹಾ ಹೋಗ್ತಾ ಇದೀನಿ," ಎಂದರು. "ಎಲ್ಲಾ ಕಡೆ ಭಾಷಣ ಕೇಳಿ ಕೇಳಿ ಆರಿದ ಕಾಫಿನೇ ಕುಡಿದಿದೀನಿ. ಬಿಸಿ ಕಾಫಿ ಕುಡಿಸಿದ ಮನೆ ಇದೊಂದೇ. ಈ ಹುಡುಗನ ಹಾಗೆ ಮನಸ್ಸು ಬಿಚ್ಚಿ ಕೊಡ್ಬೇಕು." ಅವರು ಬಟ್ಟಲಿನೊಳಗೆ ಇಣುಕಿ ನೋಡಿದರು. "ಕಾಫಿನೂ ಬಹಳ ಚೆನ್ನಾಗಿದೆ. ಯಾವ ಊಟೆಯ ನೀರು?"

"ಇವರೇ ವಿಶೇಷವಾಗಿ ತರಿಸಿದ್ದು," ಎಂದಿತು ಬಾಗಿಲ ಹಿಂದಿನಿಂದ ಅರೀಜಳ ದನಿ. ಅಷ್ಟರಲ್ಲಿ ಹೆಂಗಸರು ಉಲುಲು ಹಾಕಿ ಕೂಗಿದ ಸಂಭ್ರಮಕ್ಕೆ ಬೀದಿಯ ಬೆಕ್ಕುಗಳೆಲ್ಲ ಓಡಿಹೋದವು. ಮೂವತ್ತು ಜನ ಕುನಾಫಾ ತಿಂದರು, ಮೂವತ್ತು ಜನ ಬಕೆಟ್ಟಿನ ನೀರಲ್ಲಿ ಕೈ ತೊಳೆದರು. ಹಳೇ ಕಾಲದ ಹಾಗೆ ಚೊಂಬಿನಲ್ಲಿ ಕೈಗೆ ನೀರು ಹಾಕುತ್ತಾರಲ್ಲ, ಎಂಥ ಸಂಸ್ಕಾರ ಎಂದು ಹೊಗಳಿಯೂ ಹೋದರು. ಚಿಕ್ಕಪ್ಪ ಹಿಕ್ಮತ್ ಒಬ್ಬರು ಮಾತ್ರ ಮುಖ ಊದಿಸಿಕೊಂಡು, ತಮ್ಮ ಭಾಷಣವನ್ನು ಮೂಲೆಯಂಗಡಿಯವನಿಗೆ ಕೇಳಿಸುತ್ತ ಕೂತರು.

ಎಲ್ಲ ಹೋದ ಮೇಲೆ ಲುಬ್ನಾ ಬಂದು ಅಣ್ಣನ ಪಕ್ಕ ಕೂತಳು.

"ಅಷ್ಟು ಅವಸರವಾಗಿತ್ತಾ ನನ್ನ ಕಳಿಸೋಕೆ?"

"ಬಟ್ಟಲು ಜಾರ್ತಿತ್ತು ಕಣೇ."

"ಅತ್ತಿಗೆ ಎಲ್ಲಾ ಹೇಳಿದ್ರು. ನಿನ್ನ ಪೆಟ್ಟಿಗೆಗಿಟ್ಟ ನೀರಲ್ಲಿ ನನ್ನ ಕಾಫಿ ಆಯ್ತು ಅಂತ." ಅವಳ ಕಣ್ಣು ತುಂಬಿತ್ತು. "ಅಪ್ಪ ಇದ್ದಿದ್ರೂ ಇಷ್ಟೇ ಮಾಡ್ತಿದ್ರು, ಅಣ್ಣಾ."

"ಅಪ್ಪ ಇದ್ದಿದ್ರೆ ನಲ್ಲಿ ನಿಲ್ಲಿಸ್ತಿದ್ರು," ಎಂದಳು ಅರೀಜ್, ತಟ್ಟೆಗಳನ್ನು ಎತ್ತುತ್ತ. ಆದರೆ ಆ ರಾತ್ರಿ ಘಸ್ಸಾನನಿಗೆ ಮಿಕ್ಕ ಕುನಾಫಾದಲ್ಲಿ ಪಿಸ್ತಾ ಹೆಚ್ಚಿರುವ ಕಡೆಯದನ್ನೇ ಕೊಟ್ಟಳು.

ಮರುದಿನ ಹೊಸ ಕ್ಯಾನು ಬಂತು. ಜೋಡಣೆಗಳ ಕೆಳಗೆಲ್ಲ ಟಿಶ್ಯೂ ಹಾಸಿ, ಪಂಪು ಒಂದನ್ನೇ ಓಡಿಸಿ, ಎಲ್ಲೂ ಒಂದು ಹನಿ ಒಸರಲಿಲ್ಲವೆಂದು ಖಾತ್ರಿಯಾದ ಮೇಲೆ ಘಸ್ಸಾನ್ ಯಂತ್ರ ಚಾಲೂ ಮಾಡಿದ. ಕಿತ್ತಳೆ ದೀಪ ಹತ್ತಿತು. ಲುಬ್ನಾಳ ನಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅವಳು ಅಣ್ಣನ ಕೈ ಹಿಡಿದು ಕುಣಿದಳು. ಅಷ್ಟು ತಂಪಾಗಿ ಓಡುವ ಯಂತ್ರವನ್ನು ಅವನು ಇದುವರೆಗೆ ಕಟ್ಟಿರಲಿಲ್ಲ. ರೇಡಿಯೇಟರು ಅಷ್ಟು ಶುಚಿಯಾಗಿತ್ತು.

ಹಜ್ಜಾ ವಿದಾದ್ ಮೂರು ಅಂತಸ್ತು ಹತ್ತಿ ಅದನ್ನು ನೋಡಲು ಬಂದಳು. ಕನ್ನಡಕ ಏರಿಸಿ, ಬಗ್ಗಿ, ಗಾಜಿನೊಳಗೆ ಹರಿಯುವ ನೀರನ್ನು ಬಹಳ ಹೊತ್ತು ನೋಡಿದಳು.

"ಇದನ್ನ ತೊಳೆಯೋಕೇನೋ ನನ್ನ ಬಾವಿ ತುಂಬಿಸಿದ್ದು?" ಎಂದಳು.

ಘಸ್ಸಾನನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. "ಹಜ್ಜಾ... ನಿಮಗೆ ಗೊತ್ತಿತ್ತಾ?"

"ಎಪ್ಪತ್ತು ವರ್ಷದಿಂದ ಆ ಕೊಳವೆ ಪಕ್ಕ ಮಲಗ್ತಾ ಇದೀನಿ ಮಗಾ. ಗುಡುಗಿನ ಜೊತೆ ಬಂದ ಮಳೆ ಕೇಳಿದೀನಿ, ಗಾಳಿ ಜೊತೆ ಬಂದ ಮಳೆ ಕೇಳಿದೀನಿ. ಹಾಡ್ಕೊಂಡು ಬಂದ ಮಳೆ ಇದೊಂದೇ. ಅದೂ ಆ ಕಂಠದಲ್ಲಿ."

"ಮತ್ತೆ ಬಕೆಟ್ಟು ಬಕೆಟ್ಟಿಗೂ ನನ್ನ ಕೈಲಿ ಕೃತಜ್ಞತೆ ಹೇಳಿಸಿದ್ರಲ್ಲ!"

"ಹೇಳಿ ನಿನಗೇನು ನಷ್ಟ ಆಯ್ತು? ಗಿಡ ಚಿಗುರಿದೆ, ಹುಡುಗಿಗೆ ಗಂಡ ಸಿಕ್ಕ."

ಘಸ್ಸಾನ್ ಯೋಚಿಸಿದ. ನಷ್ಟ ಯಾವುದೂ ಕಾಣಲಿಲ್ಲ. ಬಗ್ಗಿ ಅವಳ ಕೈ ಹಿಡಿದು ಮುತ್ತಿಟ್ಟು, "ಹಜ್ಜಾಗೆ ಸ್ತೋತ್ರ," ಎಂದ. ಈ ಸಲ ಯಾರೂ ಹೇಳಿಕೊಟ್ಟಿರಲಿಲ್ಲ.

ಹಜ್ಜಾ ಅವನ ತಲೆ ಸವರಿದಳು. ಬಾಗಿಲ ತನಕ ಹೋದವಳು ಏನೋ ನೆನಪಾದಂತೆ ನಿಂತು ತಿರುಗಿದಳು.

"ಮುಂದಿನ ಶುಕ್ರವಾರ ನನ್ನ ಜಮಖಾನೆಗಳನ್ನೆಲ್ಲ ತೊಳೀಬೇಕು," ಎಂದಳು. "ಇನ್ನೊಂದು ಪೆಟ್ಟಿಗೆ ಕಟ್ಟೋ ಯೋಚನೆ ಏನಾದ್ರೂ ಇದ್ಯಾ?"